ಟ್ಯಾಟೂ ನಿಂತ ಮೇಲೇ ಇಳಿಯಿರಿ

ಕೋಡ್ ಬರೆಯುವುದಕ್ಕೆ ಒಂದು ಎಡಿಟರ್ ಬೇಕು, ಒಪ್ಪೋಣ. ಆದರೆ ಕೆರೂಬೊ ಅದನ್ನು ಆರಿಸಿದ ಪರಿ ನೋಡಿದ್ದರೆ ಮಗಳಿಗೆ ಗಂಡು ಹುಡುಕುವವರೂ ನಾಚಬೇಕಿತ್ತು. ಒಂದರ ಬಣ್ಣ ಕಣ್ಣಿಗೆ ಚುಚ್ಚಿತು. ಇನ್ನೊಂದು ತೆರೆದುಕೊಳ್ಳುವಷ್ಟರಲ್ಲಿ ಚಹಾ ಆರಿಹೋಯಿತು. ಗೆಳೆಯ ಕಿಪ್ರೊನೊ ಹೊಗಳಿ ಹಾಕಿಕೊಟ್ಟದ್ದರೊಳಗೆ ಹೋದವಳಿಗೆ ಹೊರಬರುವ ದಾರಿಯೇ ಸಿಗದೆ, ಎಡಿಟರ್ ಆರಿಸುವ ಬದಲು ಕಂಪ್ಯೂಟರನ್ನೇ ಆರಿಸಿ ಪಾರಾದಳು.

ಅಂತೂ ಒಂದು ಒಪ್ಪಿಗೆಯಾಯಿತು. ಆಮೇಲೆ ಅದಕ್ಕೆ ಒಡವೆ ತೊಡಿಸುವ ಸಡಗರ. ಕಂಸಗಳಿಗೆ ಬಣ್ಣ ಬಳಿಯುವ ಎಕ್ಸ್‌ಟೆನ್ಷನ್, ಸಾಲುಗಳನ್ನು ನೇರ ಮಾಡುವ ಎಕ್ಸ್‌ಟೆನ್ಷನ್, ಸೇವ್ ಮಾಡಿದಾಗಲೆಲ್ಲ ತಪ್ಪು ಪದಗಳನ್ನು ತಾನೇ ತಿದ್ದುವುದು. ಜೊತೆಗೆ ಪರದೆಯ ಮೂಲೆಯಲ್ಲಿ ಸುಮ್ಮನೆ ಓಡಾಡಿಕೊಂಡಿರುವ ಕಿತ್ತಳೆ ಬಣ್ಣದ ಬೆಕ್ಕು!

ಇಷ್ಟಕ್ಕೂ ಕಾರಣ ಕೆನ್ಯಾದ ನಕುರು ಊರಿನ ಮಟಾಟು, ಅಂದರೆ ಜನರನ್ನು ಸಾಗಿಸುವ ಬಾಡಿಗೆ ವ್ಯಾನುಗಳ, ಮಾಲೀಕರ ಸಂಘ. ಅದಕ್ಕೊಂದು ವೆಬ್‌ಸೈಟ್ ಬೇಕಿತ್ತು. ಎರಡು ಮಟಾಟು ವ್ಯಾನುಗಳ ಒಡತಿ ಮೊರಾ ಅತ್ತೆ, ನಮ್ಮ ಹುಡುಗಿ ಮಾಡುತ್ತಾಳೆಂದು ಅಲ್ಲಿ ಮಾತು ಕೊಟ್ಟುಬಿಟ್ಟಿದ್ದಳು. ಸಂಘ ಮೆಚ್ಚಿದರೆ ಕೆರೂಬೊಗೆ ಬದುಕಿನ ಮೊದಲ ಕೆಲಸ. ಇಲ್ಲದಿದ್ದರೆ ಅತ್ತೆಯ ಅಂಗಡಿಯಲ್ಲಿ ಮತ್ತೆ ಆಲೂಗಡ್ಡೆ ಕರಿಯುತ್ತ ನಿಲ್ಲಬೇಕು.

ತಡವಾದದ್ದಕ್ಕೆ ಅವಳು ಎಡಿಟರನ್ನೇ ದೂರಿದಳು.

"ಕುಣೀಲಾರ್ದೋಳು ನೆಲ ಡೊಂಕು ಅಂದ್ಲಂತೆ. ನಾಳೆ ಸಭೆ ಕಣೇ, ಮೊದ್ಲು ಬರಿ" ಎಂದಳು ಅತ್ತೆ.

ಗಡಿಬಿಡಿಯಲ್ಲಿ ಇಂಗ್ಲಿಷಿನಲ್ಲಿ ಎಲ್ಲ ಬರೆದು, ಸೇವ್ ಒತ್ತಿ, ತಿರುಗಿ ಓದದೆ ಎದ್ದಳು ಮಹಾರಾಯ್ತಿ.

ಮರುದಿನ ಸಭೆಯಲ್ಲಿ ಅಧ್ಯಕ್ಷ ಒಂಚಿರಿಯವರು ಕನ್ನಡಕ ಏರಿಸಿ ಪ್ರೊಜೆಕ್ಟರ್ ಗೋಡೆಯ ಮೇಲೆ ಮೂಡಿಸಿದ ಪುಟವನ್ನು ಗಟ್ಟಿಯಾಗಿ ಓದಿದರು. ನಮ್ಮ ಟ್ಯಾಟೂ ಒಳಗೆ ಹದಿನಾಲ್ಕು ಜನ ಆರಾಮಾಗಿ ಕೂರಬಹುದು. ಟ್ಯಾಟೂ ನಿಂತ ಮೇಲೇ ಇಳಿಯಿರಿ.

"ನಾವ್ಯಾವಾಗ ಹಚ್ಚೆ ಹಾಕೋಕೆ ಶುರು ಮಾಡಿದ್ವಿ, ಮೊರಾ?"

ಅತ್ತೆ ಹೊದ್ದ ಬಟ್ಟೆಯನ್ನು ಮುಖಕ್ಕೆಳೆದುಕೊಂಡಳು. ಪದ ತಿದ್ದುವ ಎಕ್ಸ್‌ಟೆನ್ಷನ್ನಿಗೆ ಮಟಾಟು ಎಂದರೇನೆಂದೇ ಗೊತ್ತಿರಲಿಲ್ಲ, ಪಾಪ. ತನಗೆ ಗೊತ್ತಿದ್ದ ಹತ್ತಿರದ ಪದ ಕೂರಿಸಿತ್ತು. ಕೆರೂಬೊ ಎಲ್ಲರೆದುರೇ ಎಡಿಟರ್ ತೆರೆದು ಮಟಾಟು ಎಂದು ಬರೆದು ಸೇವ್ ಮಾಡಿದಳು. ಟ್ಯಾಟೂ ಆಯಿತು. ಮತ್ತೆ ಬರೆದಳು. ಮತ್ತೆ ಟ್ಯಾಟೂ. ಹಿಂದಿನ ಸಾಲಿನ ಕಂಡಕ್ಟರುಗಳು ಬೆಂಚು ಬಡಿದು ನಕ್ಕರು. ಆಲೂಗಡ್ಡೆಯ ಬಾಣಲೆ ಅವಳ ಕಣ್ಣಮುಂದೆ ಬಂತು.

"ತಡಿ ತಡಿ" ಎಂದರು ಅಧ್ಯಕ್ಷರು. "ಮೂಲೇಲಿ ಓಡಾಡ್ತಿದ್ಯಲ್ಲ, ಆ ಬೆಕ್ಕು ಯಾರ್ದು?"

ನನ್ನದೇ ಎಂದಳು. ದಿನವಿಡೀ ಓಡಾಡುತ್ತದೆಯೇ ಎಂದು ಕೇಳಿದರು. ಮಲಗುವುದೂ ಉಂಟೆಂದಳು. ಸಭೆಗೆ ಸಭೆಯೇ ಎದ್ದು ಗೋಡೆಯ ಬಳಿ ನೆರೆಯಿತು. ಬೆಕ್ಕು ಮೈ ಮುರಿದಾಗ ಚಪ್ಪಾಳೆಯೂ ಬಿತ್ತು. ಪದ ತಿದ್ದಿ, ಪುಟದಲ್ಲಿ ಬೆಕ್ಕನ್ನೂ ಓಡಾಡಲು ಬಿಡಬೇಕೆಂದು ಹೇಳಿ ಸಂಘ ಅವಳಿಗೇ ಕೆಲಸ ಕೊಟ್ಟಿತು.

ಕೆಲ ವಾರಗಳಲ್ಲಿ ಅಧ್ಯಕ್ಷರ ಹೊಸ ವ್ಯಾನು ರಸ್ತೆಗಿಳಿಯಿತು. ಮೈತುಂಬ ಕಿತ್ತಳೆ ಬೆಕ್ಕು, ಕಣ್ಣುಗಳಲ್ಲಿ ಮಿಣುಕು ದೀಪ. ಬಣ್ಣದವನಿಗೆ ಯಾರೋ ಆ ಹಳೆಯ ಪುಟವನ್ನೇ ಕೊಟ್ಟಿದ್ದರು. ಹಿಂಬದಿಯಲ್ಲಿ ದಪ್ಪಕ್ಷರ: ಟ್ಯಾಟೂ ನಿಂತ ಮೇಲೇ ಇಳಿಯಿರಿ. ಕೆರೂಬೊಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಆದರೆ ಪಡ್ಡೆ ಹುಡುಗರು ಬಂದ ವ್ಯಾನುಗಳನ್ನೆಲ್ಲ ಬಿಟ್ಟು ಅದೊಂದಕ್ಕೇ ಸಾಲು ನಿಂತಿದ್ದರು. ಅತ್ತೆಯ ಎರಡೂ ವ್ಯಾನುಗಳು ಪಕ್ಕದಲ್ಲಿ ಖಾಲಿ.

ಅತ್ತೆ ಮೆಲ್ಲಗೆ ಅವಳ ತೋಳು ಹಿಡಿದಳು.

"ಕೆರೂಬೊ, ನನ್ನ ಗಾಡಿಗಳಿಗೂ ಆ ತಪ್ಪನ್ನೇ ಹಾಕಿಸ್ಕೊಡೇ."