ಕೊರೆದ ಟೈರು

೨೦೨೫ರ ಜುಲೈ ೨೭, ರವಿವಾರ, ಬೆಳಿಗ್ಗೆ ಹತ್ತು ಗಂಟೆ ನಲವತ್ತು ನಿಮಿಷ. ದಡ್ಡಿಯಲ್ಲಿ ಸದಾಶಿವನ ಮನೆಯ ಮುಂದೆ ಹಳೆಯ ಬಿಳಿ ಮಾರುತಿ ಕಾರು ನಿಂತಿತ್ತು. ಬೆಳಗಿನಿಂದ ಜಿನುಗುತ್ತಿದ್ದ ಮಳೆ ಆಗಷ್ಟೇ ಜೋರಾಗಿತ್ತು. ತಂಗಿ ಶೋಭಾಳನ್ನು ಪಂಚಮಿಗೆ ತವರಿಗೆ ಕರೆದೊಯ್ಯಲು ಮಹೇಶ ಮೂಡಲಗಿಯಿಂದ ಬಂದಿದ್ದ. ಚಹಾ ಆಗಿತ್ತು. ಶೋಭಾ ಒಳಗೆ ಮಗಳು ಕಾಜಲ್‌ಳ ತಲೆ ಬಾಚುತ್ತಿದ್ದಳು. ಅವಳ ಗಂಡ ಸದಾಶಿವ ತಲೆಯ ಮೇಲೆ ಟವೆಲ್ಲು ಹಾಕಿಕೊಂಡು ಕಾರಿನ ಸುತ್ತ ಒಂದು ಸುತ್ತು ಬಂದ.

"ಏನ್ರಿ ಮಾಸ್ತರ್ರ, ಹ್ವಾದ ವರ್ಷ ನಿಮ್ಮ ಟೈರು ನಮ್ಮ ಕಾಕಾನ ತಲಿಯಂಗ ನುಣ್ಣಗ ಇದ್ದೂ. ಈ ಸಲ ಕೂದಲಾ ಬಂದಾವಲ್ರಿ."

ಕಟ್ಟೆಯ ಮೇಲೆ ಕೂತಿದ್ದವರೆಲ್ಲ ನಕ್ಕರು. ಕಾಕಾ ಕೂಡ ತಲೆ ಸವರಿಕೊಂಡು ನಕ್ಕ. ಮಹೇಶನೂ ನಕ್ಕು, ಹಬ್ಬಕ್ಕೆಂದು ಮಾಡಿಸಿದೆ ಎಂದ. ಏನು ಮಾಡಿಸಿದ್ದೆಂದು ಹೇಳಲಿಲ್ಲ.

ಹೋದ ವರ್ಷ ಇದೇ ಕಟ್ಟೆಯಿಂದ ಬಂದ ನಗೆಯನ್ನು ಅವನು ಮರೆತಿರಲಿಲ್ಲ. ಪಂಚಮಿಗೆ ಕರೆಯಲು ಬಂದ ಅಣ್ಣನ ಗಾಡಿ ತಂಗಿಯ ಅತ್ತೆಮನೆಯ ಓಣಿಯಲ್ಲಿ ಹೇಗೆ ಕಾಣುತ್ತದೆ ಎನ್ನುವುದು ಅವರ ಕಡೆ ಸಣ್ಣ ಮಾತಲ್ಲ. ಹೊಸ ಟೈರು ಹಾಕಿಸುವುದನ್ನು ದೀಪಾವಳಿಗೆ, ಆಮೇಲೆ ಯುಗಾದಿಗೆ, ಆಮೇಲೆ ಇನ್ನೊಂದು ಹಬ್ಬಕ್ಕೆ ಎಂದು ಮುಂದಕ್ಕೆ ಹಾಕುತ್ತಲೇ ಬಂದಿದ್ದ. ಕೊನೆಗೆ ಹಿಂದಿನ ವಾರ ಗೋಕಾಕದ ಹೊರಗೆ ರಸ್ತೆಬದಿಯ ಒಬ್ಬನ ಹತ್ತಿರ, ಸವೆದ ಅವೇ ಟೈರುಗಳ ಮೇಲೆ ಬಿಸಿ ಬ್ಲೇಡಿನಿಂದ ಹೊಸ ಗೆರೆ ಕೊರೆಯಿಸಿ, ಮೇಲೆ ಕಪ್ಪು ಎಣ್ಣೆ ಬಳಿಸಿದ್ದ. ಎರಡು ಮಾರು ದೂರದಿಂದ ನೋಡಿದರೆ ಅಂಗಡಿಯಿಂದ ಈಗ ತಂದಂತೆ ಕಾಣುತ್ತಿದ್ದವು.

ಇದು ತಿಳಿಯದೆ ಮಾಡಿದ ಕೆಲಸವಾಗಿರಲಿಲ್ಲ. ಮಹೇಶ ಗೋಕಾಕದ ಒಂದು ಪದವಿಪೂರ್ವ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತಿದ್ದ. ಕೊರೆದರೆ ರಬ್ಬರು ಬೆಳೆಯುವುದಿಲ್ಲ, ಇದ್ದುದೂ ತೆಳುವಾಗುತ್ತದೆ ಎಂದು ಅವನಿಗೆ ಗೊತ್ತಿತ್ತು. ಒದ್ದೆ ರಸ್ತೆಯಲ್ಲಿ ಟೈರಿನ ಕೆಳಗಿನ ನೀರಿಗೆ ಹೊರಹೋಗಲು ಆಳವಾದ ದಾರಿ ಬೇಕು, ದಾರಿ ಸಿಗದಿದ್ದರೆ ಗಾಡಿ ರಸ್ತೆಯನ್ನು ಬಿಟ್ಟು ನೀರಿನ ಮೇಲೆ ಓಡುತ್ತದೆ ಎಂದು ಅವನೇ ಪ್ರತಿವರ್ಷ ಕಪ್ಪುಹಲಗೆಯ ಮೇಲೆ ಚಿತ್ರ ಬರೆದು ತೋರಿಸುತ್ತಿದ್ದ.

ಹೊರಡುವ ಹೊತ್ತಿಗೆ ಸದಾಶಿವ ಚೇಷ್ಟೆ ಬಿಟ್ಟು ಮಾತಾಡಿದ. "ಈ ಮಳ್ಯಾಗ ಹಳೇ ಗಾಡಿ ಯಾಕ ಒಯ್ತೀರಿ? ಇಲ್ಲೇ ಬಿಡ್ರಿ, ಬಸ್ಸಿಗೆ ಹೋಗ್ರಿ. ಹಬ್ಬ ಮುಗದ ಮ್ಯಾಲ ನಾನ ತಂದು ಮುಟ್ಟಸ್ತೇನಿ."

ಕಳಕಳಿಯಿಂದಲೇ ಹೇಳಿದ ಮಾತು. ಆದರೆ ಮಹೇಶನ ಕಿವಿಗೆ ಬಿದ್ದದ್ದು 'ಹಳೇ ಗಾಡಿ' ಅಷ್ಟೇ. ಕಾರು ತಂದ ಅಣ್ಣ ತಂಗಿಯನ್ನು ಬಸ್ಸು ಹತ್ತಿಸಿದನಂತೆ ಎಂದು ಮುಂದಿನ ವರ್ಷದ ತನಕ ಈ ಕಟ್ಟೆಯ ಮೇಲೆ ನಡೆಯುವ ಮಾತು ಅವನಿಗೆ ಈಗಲೇ ಕೇಳಿಸಿತು. ನಾಳೆ ರೊಟ್ಟಿ ಹಬ್ಬ, ನಾಡಿದ್ದು ಪಂಚಮಿ, ಅವ್ವ ಕಾಯುತ್ತಿರುತ್ತಾಳೆ ಎಂದಷ್ಟೇ ಹೇಳಿ ಕೀಲಿ ತಿರುವಿದ. ಅವನ ಎದುರಿನ ವೈಪರಿನ ರಬ್ಬರು ಹರಿದು ಗಾಜಿನ ಮೇಲೆ ಕರಕರ ಸದ್ದು ಮಾಡುತ್ತಿತ್ತು. ಅದನ್ನು ನೋಡಿದ ಸದಾಶಿವ ಚಂಚಿ ಬಿಚ್ಚಿ, ಚಿಟಿಕೆ ತಂಬಾಕು ತೆಗೆದು ಒದ್ದೆ ಗಾಜಿಗೆ ಉಜ್ಜಿಕೊಟ್ಟ. ಹೊಗೆಸೊಪ್ಪು ಬೆಳೆಯುವ ಆ ಸೀಮೆಯಲ್ಲಿ ಎಲ್ಲರೂ ಮಾಡುವ ಉಪಾಯ ಅದು. ಹನಿ ನಿಲ್ಲದೆ ನೀರು ತೆಳ್ಳಗೆ ಹರಿದು, ಮುಂದಿನದು ಸ್ವಲ್ಪ ಹೊತ್ತು ಚೆನ್ನಾಗಿ ಕಾಣುತ್ತದೆ.

ಹುಕ್ಕೇರಿ ದಾಟುವಷ್ಟರಲ್ಲಿ ತಂಬಾಕು ತೊಳೆದುಹೋಗಿತ್ತು. ಗಾಳಿ ಮಳೆಯನ್ನು ಅಡ್ಡಡ್ಡ ಹೊಡೆಯುತ್ತಿತ್ತು. ಎದುರು ಬರುವ ಲಾರಿಗಳು ದೀಪ ಹಾಕಿಕೊಂಡಿದ್ದವು. ಹಿಂದಿನ ಸೀಟಿನಲ್ಲಿ ಕಾಜಲ್ ಉಂಡಿಯ ಡಬ್ಬಿಯನ್ನು ಅಪ್ಪಿಕೊಂಡು ಕೂತಿದ್ದಳು. ಶೋಭಾ ಮುಂದಿದ್ದಳು.

"ಸಾವಕಾಶ ಹೊಡಿ ಅಣ್ಣಾ."

ಸಾವಕಾಶವೇ ಹೊಡೆಯುತ್ತಿದ್ದೇನೆ ಎಂದ ಮಹೇಶ. ಮುಳ್ಳು ಅರವತ್ತರ ಮೇಲಿತ್ತು. ಒಮ್ಮೆ ತಗ್ಗಿನಲ್ಲಿ ನಿಂತ ನೀರು ದಾಟುವಾಗ ಸ್ಟೇರಿಂಗು ಕೈಯಲ್ಲಿ ಥಟ್ಟನೆ ಹಗುರಾಗಿ, ಮತ್ತೆ ಭಾರವಾಯಿತು. ಅದರ ಅರ್ಥ ಏನೆಂದು ಆ ರಸ್ತೆಯಲ್ಲಿ ಅವನಿಗಿಂತ ಚೆನ್ನಾಗಿ ತಿಳಿದವರು ಯಾರೂ ಇರಲಿಕ್ಕಿಲ್ಲ. ಆದರೂ ಅವನು ಕಾಲು ಎತ್ತಲಿಲ್ಲ. ಘಟಪ್ರಭಾ ಇನ್ನೇನು ಬಂತು, ಅಲ್ಲಿ ನಿಲ್ಲಿಸಿ ಗಾಜು ಒರೆಸಿದರಾಯಿತು ಎಂದುಕೊಂಡ.

ಧುಪದಾಳದ ಹತ್ತಿರದ ತಿರುವಿನಲ್ಲಿ, ಹೊಲದಿಂದ ಏರಿಬಂದ ಟ್ರ್ಯಾಕ್ಟರುಗಳ ಗಾಲಿಗಳು ಎರೆಮಣ್ಣನ್ನು ಡಾಂಬರಿನ ಮೇಲೆ ಬಿಟ್ಟು ಹೋಗಿದ್ದವು. ರಸ್ತೆಯ ಅಂಚಿನ ಮಣ್ಣಿನ ಮೇಲೆ, ಗೊಬ್ಬರ ಚೀಲದ ಕೊಪ್ಪೆ ಹೊದ್ದ ಮುದುಕಿಯೊಬ್ಬಳು ಕುರ್ಪಿ ಹಿಡಿದು ಮನೆಯ ಕಡೆ ನಡೆದಿದ್ದಳು. ಮಹೇಶ ಅವಳನ್ನು ಕಂಡದ್ದು ತಡವಾಗಿ. ಬ್ರೇಕು ತುಳಿದ. ಗಾಲಿ ನಿಂತವು, ಕಾರು ನಿಲ್ಲಲಿಲ್ಲ. ಹಿಂಭಾಗ ನಿಧಾನವಾಗಿ, ಯಾರೋ ಕೈಯಿಂದ ತಿರುಗಿಸಿದಂತೆ ಎಡಕ್ಕೆ ತಿರುಗಿ ಮುದುಕಿಗೆ ಬಡಿಯಿತು. ಅವಳು ಚೀಲದ ಸಮೇತ ಗಟಾರದಲ್ಲಿ ಬಿದ್ದಳು.

ಅವಳ ಹೆಸರು ಉದ್ದವ್ವ. ಮಳೆ ಜೋರಾಗಿ ಕಳೆ ತೆಗೆಯುವ ಕೆಲಸ ನಿಂತದ್ದರಿಂದ ಹೊಲದಿಂದ ಮರಳುತ್ತಿದ್ದಳು. ಶೋಭಾ ಟೈರಿಗೆ ಆನಿಕೊಂಡು ಗಟಾರಕ್ಕೆ ಇಳಿದು ಅವಳನ್ನು ಎಬ್ಬಿಸಿದಳು. ಎಡಗೈ ಮಣಿಕಟ್ಟಿನ ಮೇಲೆ ಸೊಟ್ಟಗಾಗಿತ್ತು. ಮೋಟರ್‌ಸೈಕಲ್ಲಿನವರು ಇಬ್ಬರು ನಿಂತರು. ಅವರಲ್ಲಿ ಒಬ್ಬ ರಸ್ತೆ ನೋಡಿ, ಈ ರಾಡಿಯಲ್ಲಿ ಯಾರ ಗಾಡಿಯಾದರೂ ಜಾರುತ್ತದೆ, ಯಾರದೂ ತಪ್ಪಲ್ಲ ಎಂದು ತೀರ್ಪು ಕೊಟ್ಟ. ಎಲ್ಲರೂ ಸೇರಿ ಉದ್ದವ್ವನನ್ನು ಟಂಟಂ ಆಟೋ ಹತ್ತಿಸಿ ಘಟಪ್ರಭಾದ ಒಂದು ದವಾಖಾನೆಗೆ ಒಯ್ದರು.

ಅಲ್ಲಿ ಬಾಗಿಲಿಗೆ ಓಡಿಬಂದ ನರ್ಸು ಉದ್ದವ್ವನ ಸೊಸೆ ಶೀತಲ್. ಅತ್ತೆಯ ಕೈ ನೋಡಿ ಬೆಚ್ಚಿದಳು. ಬಡಿದದ್ದು ಹಿಂದೆ ನಿಂತ ಮಹೇಶನ ಕಾರು ಎಂದು ಕೇಳಿ ಇನ್ನೂ ಬೆಚ್ಚಿದಳು. ಅವಳು ಅವನ ಹಳೆಯ ವಿದ್ಯಾರ್ಥಿನಿ.

ಉದ್ದವ್ವ ನೋವಿನಲ್ಲಿ ಒಂದೇ ಮಾತು ಹೇಳುತ್ತಿದ್ದಳು. "ನಾ ಬಾಜೂಕ್ಕ ಇದ್ನಿ. ಮಣ್ಣಿನ ಮ್ಯಾಗನ ಇದ್ನಿ."

"ಸುಮ್ಮನಿರು ಅತ್ತಿ," ಎಂದಳು ಶೀತಲ್. "ಇವರು ನಮ್ಮ ಸರ್. ಇವರು ಹಂಗ ಗಾಡಿ ಹೊಡ್ಯೂ ಮಂದಿ ಅಲ್ಲ. ಚೀಲ ಮುಖಕ್ಕ ಇಳಿಬಿಟ್ಕೊಂಡು ನೀನ ಅಡ್ಡ ಬಂದಿರಬೇಕು." ಆಮೇಲೆ ಮಹೇಶನ ಕಡೆ ತಿರುಗಿ, ಕಣ್ಣು ಕೆಳಗೆ ಹಾಕಿ, "ತಪ್ಪು ತಿಳ್ಕೋಬ್ಯಾಡ್ರಿ ಸರ್. ವಯಸ್ಸಾಗೇತಿ," ಎಂದಳು.

ಮಹೇಶ ಬಾಯಿ ತೆರೆದ. ಹೇಳಬೇಕಾದದ್ದು ನಾಲಿಗೆಯ ತುದಿಗೆ ಬಂದಿತ್ತು. ಆದರೆ ಬಾಯಿಂದ ಹೊರಬಿದ್ದದ್ದು, "ಇರಲಿ ಬಿಡಮ್ಮ," ಎಂಬ ಮಾತು. ಕ್ಷಮಿಸುವವನು ತಾನೇ ಎಂಬಂತೆ.

ಕೈಗೆ ಕಟ್ಟು ಹಾಕುವವರೆಗೂ ಅವನು ಗೋಡೆಗೆ ಒರಗಿ ನಿಂತಿದ್ದ. ಉದ್ದವ್ವ ತಾನು ನಡೆದ ಜಾಗವನ್ನು ಮತ್ತೆ ಮತ್ತೆ ನೆನಪಿಸಿಕೊಳ್ಳುವವಳಂತೆ ಎದುರಿನ ನೆಲ ನೋಡುತ್ತ ಕೂತಿದ್ದಳು.

ಕಾರನ್ನು ಘಟಪ್ರಭಾದ ಗ್ಯಾರೇಜೊಂದರಲ್ಲಿ ಬಿಟ್ಟು, ಕೊನೆಗೂ ಮೂವರು ಬಸ್ಸಿನಲ್ಲೇ ಮೂಡಲಗಿಗೆ ಹೋದರು. ಆ ಆಯಿ ಅಡ್ಡ ಬಂದಳೇ ಮಾಮಾ ಎಂದು ಕಾಜಲ್ ಕೇಳಿದಳು. ಮಹೇಶ ಕಿಟಕಿಯ ಹೊರಗೆ ನೋಡಿದ. ಶೋಭಾ ಮಗಳ ಬಾಯಿಗೆ ಉಂಡಿ ಕೊಟ್ಟಳು.

ಸಂಜೆ ಅವ್ವ ಚನ್ನವ್ವ ಒಲೆಯ ಮುಂದೆ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ ಬಡಿಯುತ್ತಿದ್ದಾಗ ಶೋಭಾ ಹಿತ್ತಲಲ್ಲಿ ಸೀರೆಯ ಸೆರಗನ್ನು ತಿಕ್ಕುತ್ತಿದ್ದಳು. ಕಪ್ಪು ಕಲೆ ಹೋಗುತ್ತಿರಲಿಲ್ಲ. ಮಹೇಶ ಕೈ ತೊಳೆಯಲು ಬಂದಾಗ ಅವಳು ಸೆರಗನ್ನು ಅವನ ಮುಂದೆ ಹಿಡಿದಳು.

"ಹೊಸಾ ಟೈರು ಬಣ್ಣ ಬಿಡತಾವೇನಣ್ಣಾ?"

ಅವನು ನೀರಿನ ಚರಿಗೆ ಹಿಡಿದು ನಿಂತ. ಆಮೇಲೆ, ಕೊರೆಯಿಸಿದ್ದು ಎಂದು ಒಪ್ಪಿಕೊಂಡ. ನಿಮ್ಮ ಮನೆಯವರು ಮತ್ತೆ ನಗಬಾರದೆಂದು ಕೊರೆಯಿಸಿದೆ ಎಂದ.

"ಅವರು ನಕ್ಕರ ನನಗೇನೂ ಆಗೂದಿಲ್ಲ. ಅವರು ನನಗೂ ನಗ್ತಾರ," ಎಂದಳು ಶೋಭಾ. ಧ್ವನಿ ಏರಿಸಲಿಲ್ಲ. "ಹಿಂದ ನನ್ನ ಮಗಳು ಕುಂತಿದ್ಳು. ಅದ ಇರಲಿ. ಆ ಆಯಿ ಮಣ್ಣಿನ ಮ್ಯಾಗ ಇದ್ಳು. ನಾ ನೋಡೇನಿ. ನೀನೂ ನೋಡೀದಿ."

ಅವಳು ಮತ್ತೆ ಕಲೆ ತಿಕ್ಕತೊಡಗಿದಳು. ಮಳೆಯ ತಪ್ಪು, ಮಣ್ಣಿನ ತಪ್ಪು, ಮುದುಕಿಯ ತಪ್ಪು ಎಂದು ಜನ ತಾವಾಗಿ ತಂದುಕೊಟ್ಟದ್ದನ್ನೆಲ್ಲ ಮಹೇಶ ಕೈಯೊಡ್ಡಿ ತೆಗೆದುಕೊಂಡಿದ್ದ. ಸರ್ ಎಂಬ ಒಂದು ಮಾತಿನ ಮುಂದೆ ಉದ್ದವ್ವ ಕಣ್ಣಾರೆ ಕಂಡದ್ದು ಸುಳ್ಳಾಗಿತ್ತು.

ಮರುದಿನ ರೊಟ್ಟಿ ಹಬ್ಬ, ಮನೆಯಿಂದ ಮನೆಗೆ ರೊಟ್ಟಿ ಕೊಡುವ ದಿನ. ಕಾಲೇಜಿಗೆ ರಜೆ ಹೇಳಿ ಮಹೇಶ ಬಸ್ಸು ಹಿಡಿದು ಧುಪದಾಳಕ್ಕೆ ಹೋದ. ಕೈಯಲ್ಲಿ ಶೋಭಾ ಕಟ್ಟಿಕೊಟ್ಟ ಬುತ್ತಿ ಇತ್ತು: ರೊಟ್ಟಿ, ಎಣ್ಣೆಗಾಯಿ, ಮಡಿಕೆ ಕಾಳಿನ ಪಲ್ಯ, ಗುರೆಳ್ಳು ಚಟ್ನಿ. ಉದ್ದವ್ವ ಹೊರಸಿನ ಮೇಲೆ ಕೈ ಎದೆಗೆ ಕಟ್ಟಿಕೊಂಡು ಕೂತಿದ್ದಳು. ಮಗ ಯಲ್ಲಾರಿ ಬಾಗಿಲಲ್ಲಿ ಎದ್ದು ನಿಂತು, ಬರ್ರಿ ಸರ್ ಎಂದು ಕುರ್ಚಿ ಒರೆಸಿದ. ಶೀತಲ್ ನೀರು ತಂದಳು. ಮಳೆಯಲ್ಲಿ ಯಾಕೆ ತ್ರಾಸು ತಗೊಂಡಿರಿ, ಅತ್ತೆ ಆರಾಮಿದ್ದಾಳೆ ಎಂದಳು.

ಮಹೇಶ ಕುರ್ಚಿಯಲ್ಲಿ ಕೂರಲಿಲ್ಲ. ಮಾತನ್ನು ಬಸ್ಸಿನಲ್ಲಿ ಜೋಡಿಸಿಕೊಂಡೇ ಬಂದಿದ್ದ. ಈಗ ಅದರ ತಲೆಬಾಲ ಸಿಗಲಿಲ್ಲ.

"ಇವರು ಅಡ್ಡ ಬಂದಿದ್ದಿಲ್ಲ," ಎಂದ. "ರಸ್ತೆ ಬಿಟ್ಟು ಮಣ್ಣಿನ ಮ್ಯಾಲ ಇದ್ರು. ನನ್ನ ಟೈರು ಸವದು ಬೋಳಾಗಿದ್ದೂ. ಹೊಸಾವು ಕಾಣ್ಲಿ ಅಂತ ಮ್ಯಾಲ ಗೆರಿ ಕೊರಿಸಿದ್ದೆ. ವೈಪರಿನ ರಬ್ಬರೂ ಹರದಿತ್ತು. ಅಂಥಾ ಮಳ್ಯಾಗ ಅರವತ್ತರ ಮ್ಯಾಲ ಹೊಡದೆ. ಎಲ್ಲಾ ಗೊತ್ತಿದ್ದು ಹೊಡದೆ."

ಯಲ್ಲಾರಿಯ ಕೈಯಲ್ಲಿ ಕುರ್ಚಿ ಒರೆಸಿದ ಬಟ್ಟೆ ಹಾಗೇ ಇತ್ತು.

"ನಿನ್ನೆ ಯಾಕ ಹೇಳಲಿಲ್ರಿ?"

ಮಹೇಶ ತನ್ನಲ್ಲಿದ್ದ ಒಂದೇ ಉತ್ತರವನ್ನು ಹೇಳಿದ. "ನಾಚಿಕಿ ಆತು."

"ನಿಮಗ ನಾಚಿಕಿ ಆತು, ನಮ್ಮವ್ವ ಸುಳ್ಳಿ ಆದ್ಳು," ಎಂದ ಯಲ್ಲಾರಿ. ಕೂಗಲಿಲ್ಲ. ಕೂಗಿದ್ದರೆ ಮಹೇಶನಿಗೆ ನಿಲ್ಲುವುದು ಸುಲಭವಾಗುತ್ತಿತ್ತು. ಪೊಲೀಸರ ಮುಂದೆಯೂ ಇದನ್ನೇ ಹೇಳುತ್ತೇನೆ, ಯಾವಾಗ ಕರೆದರೂ ಬರುತ್ತೇನೆ ಎಂದ ಮಹೇಶ. ಅದನ್ನು ಆಮೇಲೆ ನೋಡೋಣ ಎಂದು ಯಲ್ಲಾರಿ ಮುಖ ತಿರುಗಿಸಿದ.

ಶೀತಲ್ ಅತ್ತೆಯ ಕಾಲ ಹತ್ತಿರ ನೆಲದ ಮೇಲೆ ಕೂತುಬಿಟ್ಟಿದ್ದಳು. ಮಹೇಶನ ಕಡೆ ನೋಡಲಿಲ್ಲ. ನಿನ್ನೆ ಎಲ್ಲರ ಎದುರು ತಾನು ಆಡಿದ ಮಾತು ಅವಳ ಮುಖದ ಮೇಲಿತ್ತು. ಆ ನಾಚಿಕೆಯನ್ನೂ ಅವಳಿಗೆ ಕೊಟ್ಟವನು ತಾನೇ ಎಂದು ಮಹೇಶನಿಗೆ ಆಗ ತಿಳಿಯಿತು.

ಆಗ ಉದ್ದವ್ವ ಮಾತಾಡಿದಳು. ಸೊಸೆಗೆ ಹೇಳಿದಳೋ, ತನಗೇ ಹೇಳಿಕೊಂಡಳೋ.

"ನೀವೆಲ್ಲಾರೂ ಅಂದ್ರಿ ಅಂತ, ನಾನೂ ನಾನ ಅಡ್ಡ ಬಂದಿರಬೇಕ ಅನ್ಕೊಂಡಿದ್ನಿ. ಬುದ್ಧಿ ನೆಟ್ಟಗಿಲ್ಲೇನೋ ಅಂತ ಅಂಜಿದ್ನಿ."

ಆಮೇಲೆ ಅವಳು ಸರಿಯಿದ್ದ ಕೈಯನ್ನು ಬುತ್ತಿಯ ಕಡೆ ಚಾಚಿದಳು. ಶೀತಲ್ ಗಂಟು ಬಿಚ್ಚಿ ರೊಟ್ಟಿ ಮುರಿದು ಅವಳ ಕೈಗಿಟ್ಟಳು. ಉದ್ದವ್ವ ಒಂದು ತುಂಡು ಬಾಯಿಗೆ ಹಾಕಿಕೊಂಡು, ಇನ್ನೂ ನಿಂತೇ ಇದ್ದ ಮಹೇಶನನ್ನು ನೋಡಿದಳು. ಕ್ಷಮಿಸಿದೆ ಎನ್ನಲಿಲ್ಲ. "ಕೂಡ್ರಿ," ಎಂದಳು.

ಪಂಚಮಿ ಮುಗಿದ ಮೇಲೆ ಶೋಭಾಳನ್ನು ಅವನು ಬಸ್ಸಿನಲ್ಲೇ ದಡ್ಡಿಗೆ ಬಿಟ್ಟುಬಂದ. ಕಟ್ಟೆಯ ಮೇಲೆ ಸದಾಶಿವ ಗಾಡಿ ಎಲ್ಲಿ ಎಂದು ಕೇಳಿದಾಗ ಎಲ್ಲವನ್ನೂ ಹೇಳಿದ. ಆ ದಿನ ಅಲ್ಲಿ ಯಾರೂ ನಗಲಿಲ್ಲ. ಸದಾಶಿವ ಚಂಚಿ ಬಿಚ್ಚಿದವನು ಹಾಗೆಯೇ ಮಡಚಿ ಕಿಸೆಗೆ ಹಾಕಿಕೊಂಡ.

ಆಗಸ್ಟಿನ ಮೊದಲ ವಾರ ಕಾರಿಗೆ ನಾಲ್ಕು ಹೊಸ ಟೈರು, ಎರಡು ಹೊಸ ವೈಪರು ಬಂದವು. ತೆಗೆದ ಟೈರುಗಳಲ್ಲಿ ಒಂದನ್ನು ಮಹೇಶ ಕಾಲೇಜಿಗೆ ಒಯ್ದು ಪ್ರಯೋಗಶಾಲೆಯ ಮೇಜಿನ ಮೇಲೆ ಇಟ್ಟ. ವಿದ್ಯಾರ್ಥಿಗಳು ಸುತ್ತ ಸೇರಿದರು. ಟೈರು ಹೊಸದರಂತಿದೆ ಎಂದು ಒಬ್ಬಳು ಹೇಳಿದಳು. ಬ್ಲೇಡು ಕೊರೆದ ಗೆರೆ ಯಾವುದು, ಕಾರ್ಖಾನೆಯಿಂದ ಬಂದ ಗೆರೆ ಯಾವುದು ಎಂದು ಮಹೇಶ ಬೆರಳಿಟ್ಟು ತೋರಿಸಿದ. ಕೊರೆದದ್ದನ್ನು ಬಿಟ್ಟು, ಮೂಲ ಗೆರೆಯ ಆಳವನ್ನು ವರ್ನಿಯರ್ ಕ್ಯಾಲಿಪರ್ಸಿನಿಂದ ಐದು ಕಡೆ ಅಳೆಯಲು ಹೇಳಿದ. ಕಾರಿಗೆ ಕಾನೂನು ಕೇಳುವ ಕನಿಷ್ಠ ಆಳವನ್ನು ಕಪ್ಪುಹಲಗೆಯ ಮೇಲೆ ಬರೆದ: ೧.೬ ಮಿಲಿಮೀಟರ್.

"ಯಾರ ಗಾಡೀದ್ರಿ ಸರ್ ಇದು?" ಎಂದು ಹಿಂದಿನಿಂದ ಯಾರೋ ಕೇಳಿದರು.

"ನಂದು," ಎಂದ ಮಹೇಶ. ಸೀಮೆಸುಣ್ಣ ಕೆಳಗಿಟ್ಟು, ಉದ್ದವ್ವ ಎಂಬವರು ರಸ್ತೆಯ ಯಾವ ಬದಿಯಲ್ಲಿ ನಡೆದಿದ್ದರು ಎನ್ನುವಲ್ಲಿಂದ ಶುರುಮಾಡಿ, ಏನನ್ನೂ ಬಿಡದೆ ಹೇಳಿದ.

ಹೇಳಿ ಮುಗಿದ ಮೇಲೆ ಕ್ಯಾಲಿಪರ್ಸು ಹಿಡಿದಿದ್ದ ಹುಡುಗಿ ಐದು ಅಳತೆ ಕೂಡಿಸಿ, ಭಾಗಿಸಿ, ಒಮ್ಮೆ ತಿರುಗಿ ಲೆಕ್ಕ ನೋಡಿಕೊಂಡು, ಸರಾಸರಿಯನ್ನು ಓದಿದಳು. ಮಹೇಶ ಅದನ್ನು ೧.೬ರ ಕೆಳಗೆ ಬರೆದ.

೦.೪ ಮಿಲಿಮೀಟರ್.