ಪೆಟ್ಟಿಗೆಯೊಳಗಿನ ಫಂಕ್ಷನ್

ಯಮುನಾ ಮಲ್ಲೇಶ್ವರದ ಕಾಲೇಜೊಂದರಲ್ಲಿ ಬಹುಕಾಲ ಗಣಿತ ಕಲಿಸಿದವರು. ಫಂಕ್ಷನ್‌ಗಳ ಲೆಕ್ಕಾಚಾರವನ್ನು ವಿವರಿಸುವ ಲ್ಯಾಂಬ್ಡಾ ಕ್ಯಾಲ್ಕುಲಸ್ ಎಂಬ ಗಣಿತದ ಮೇಲೆ ಪಿಎಚ್‌ಡಿ ಮುಗಿಸುವ ಹೊತ್ತಿಗೆ ಅವರಿಗೆ ಐವತ್ತು ದಾಟಿತ್ತು. ಆ ವಿಷಯದಲ್ಲಿ ಮನೆಯವರಿಗಾಗಲಿ ಸಹೋದ್ಯೋಗಿಗಳಿಗಾಗಲಿ ಆಸಕ್ತಿ ಇರಲಿಲ್ಲ. ಆಸಕ್ತಿ ತೋರಿಸಿದವನು ಹಳೆಯ ವಿದ್ಯಾರ್ಥಿ ಕಶ್ಯಪ್ ಒಬ್ಬನೇ. ಅವನು ಶಂಕರಪುರಂನಲ್ಲಿ ಒಂದು ಮನೆಯ ಮಹಡಿ ಬಾಡಿಗೆಗೆ ಹಿಡಿದು ಸಣ್ಣ ಕಂಪನಿ ನಡೆಸುತ್ತಿದ್ದ. ಆಸ್ಪತ್ರೆಯ ಯಂತ್ರಗಳಿಗೆ ಪ್ರೋಗ್ರಾಂ ಬರೆಯಲೆಂದೇ ಒಂದು ಪುಟ್ಟ ಭಾಷೆ ರೂಪಿಸಿದ್ದ. ಅದರ ಹಿಂದಿನ ಗಣಿತವೆಲ್ಲ ಯಮುನಾ ಅವರದು.

ಆ ಭಾಷೆಯಲ್ಲಿ ಬರೆದ ಯಾವ ಪ್ರೋಗ್ರಾಮೂ ಕೊನೆಯಿಲ್ಲದೆ ಸುತ್ತುವುದಿಲ್ಲ, ಉತ್ತರ ಕೊಟ್ಟು ನಿಂತೇ ನಿಲ್ಲುತ್ತದೆ ಎಂಬುದೇ ಅದರ ಹೆಗ್ಗಳಿಕೆ. ಪ್ರೋಗ್ರಾಮಿನ ತುಣುಕಾದ ಪ್ರತಿ ಫಂಕ್ಷನ್‌ಗೂ ಒಂದು ಟೈಪ್ ಇರುತ್ತದೆ. ಫಂಕ್ಷನ್ ಏನನ್ನು ತೆಗೆದುಕೊಳ್ಳುತ್ತದೆ, ಏನನ್ನು ಹಿಂದಿರುಗಿಸುತ್ತದೆ ಎಂಬುದನ್ನು ಅದು ಹೇಳುತ್ತದೆ. ಫಂಕ್ಷನ್ ತನ್ನನ್ನೇ ತೆಗೆದುಕೊಂಡು ಓಡಿಸತೊಡಗಿದರೆ ಸುತ್ತು ಶುರುವಾಗಬಹುದು. ಆದರೆ ಒಂದು ಫಂಕ್ಷನ್‌ಗೆ ಅದನ್ನೇ ಕೊಡಬೇಕಾದರೆ ಅದರ ಟೈಪಿನೊಳಗೆ ಅದೇ ಟೈಪ್ ಇರಬೇಕು, ಅದರೊಳಗೆ ಮತ್ತೆ ಅದೇ. ಅಂಥ ಟೈಪನ್ನು ಬರೆದು ಮುಗಿಸಲಾಗದು. ಹಾಗಾಗಿ ಟೈಪುಗಳನ್ನು ಪರೀಕ್ಷಿಸುವ ಟೈಪ್ ಚೆಕರ್ ಅದನ್ನು ಬಾಗಿಲಲ್ಲೇ ತಡೆಯುತ್ತದೆ. ಹೀಗೆ ತಡೆದರೆ ಸಾಕು, ಎಲ್ಲ ಪ್ರೋಗ್ರಾಮುಗಳೂ ನಿಲ್ಲುತ್ತವೆ ಎಂದು ಯಮುನಾ ಗಣಿತದ ರೀತಿಯಲ್ಲಿ ಸಾಧಿಸಿ ತೋರಿಸಿದ್ದರು. ಕಂಪನಿಯ ಬ್ರೋಷರ್‌ನಲ್ಲಿ ಆ ಮಾತಿನ ಕೆಳಗೆ ಅವರ ಹೆಸರಿತ್ತು.

ರೋಗಿಗೆ ಔಷಧಿಯನ್ನು ಹನಿಹನಿಯಾಗಿ ಬಿಡುವ ಪಂಪ್ ತಯಾರಿಸುತ್ತಿದ್ದ ಮಧುಸೂದನ್ ಎಂಬವರಿಗೆ ಭಾಷೆ ಹಿಡಿಸಿತು. ಆದರೆ ಅವರ ಎಂಜಿನಿಯರುಗಳಿಗೆ ಪ್ರೋಗ್ರಾಮಿನೊಳಗೆ ಏನನ್ನಾದರೂ ಇಟ್ಟು, ಬೇಕಾದಾಗ ಬದಲಿಸುವಂಥ ಒಂದು ಜಾಗ ಬೇಕಿತ್ತು. ಕಶ್ಯಪ್ ಭಾಷೆಗೆ 'ಪೆಟ್ಟಿಗೆ' ಸೇರಿಸಿದ. ಅದರಲ್ಲಿ ಸಂಖ್ಯೆಯನ್ನೂ ಇಡಬಹುದು, ಫಂಕ್ಷನ್ನನ್ನೂ ಇಡಬಹುದು. ಪಂಪಿನ ಪ್ರೋಗ್ರಾಮನ್ನು ತಾನೇ ಬರೆದುಕೊಟ್ಟ. ಪೆಟ್ಟಿಗೆ ಸೇರಿದ ಮೇಲೂ ಹಳೆಯ ಸಾಧನೆ ಸರಿಯಾಗಿಯೇ ಉಳಿಯುತ್ತದೆಯೇ ಎಂದು ನೋಡುವ ಕೆಲಸ ಯಮುನಾ ಅವರ ಪಾಲಿಗೆ ಬಂತು. ಅದೊಂದು ವಾರದ ಕೆಲಸವೆಂದು ಇಬ್ಬರೂ ಭಾವಿಸಿದ್ದರು.

ವಾರ ಕಳೆಯಿತು, ತಿಂಗಳೂ ಕಳೆಯಿತು. ಉಳಿದ ಭಾಗವೆಲ್ಲ ಸರಾಗವಾಗಿ ಹೋಗಿ ಪೆಟ್ಟಿಗೆಯ ಹತ್ತಿರ ಬಂದು ಸಿಕ್ಕಿಕೊಳ್ಳುತ್ತಿತ್ತು. ತಪ್ಪು ತಮ್ಮದೇ ಎಂದುಕೊಂಡರು ಯಮುನಾ. ವಯಸ್ಸಾಯಿತು, ಮೊದಲಿನಷ್ಟು ತಲೆ ಓಡುವುದಿಲ್ಲ ಎಂದು ಕಶ್ಯಪ್‌ಗೆ ಫೋನಿನಲ್ಲಿ ಹೇಳಿದರು. ಅವನು ನಿಧಾನವಾಗಿ ಮಾಡಿ ಎಂದ. ಆದರೆ ಮಧುಸೂದನ್‌ಗೆ ಸೋಮವಾರ ಎಲ್ಲವನ್ನೂ ತೋರಿಸಬೇಕೆಂಬುದನ್ನೂ ನೆನಪಿಸಿದ.

ಶುಕ್ರವಾರ ಬೆಳಿಗ್ಗೆ ಯಮುನಾ ಸಾಧಿಸುವ ಪ್ರಯತ್ನ ಬಿಟ್ಟು ಮುರಿಯುವ ಪ್ರಯತ್ನಕ್ಕೆ ಕೂತರು. ಪೆಟ್ಟಿಗೆಯಲ್ಲಿ ಮೊದಲು ನಿರುಪದ್ರವಿಯಾದ ಒಂದು ಫಂಕ್ಷನ್ ಇಟ್ಟರು. ಆಮೇಲೆ, ಪೆಟ್ಟಿಗೆ ತೆರೆದು ಒಳಗಿರುವುದನ್ನು ಓಡಿಸುವ ಇನ್ನೊಂದು ಫಂಕ್ಷನ್ ಬರೆದು, ಹಳೆಯದನ್ನು ತೆಗೆದು ಆ ಜಾಗದಲ್ಲಿ ಇದನ್ನೇ ಇಟ್ಟರು. ಎರಡರ ಟೈಪೂ ಒಂದೇ ಆದ್ದರಿಂದ ಚೆಕರ್ ಚಕಾರ ಎತ್ತಲಿಲ್ಲ. ಓಡಿಸಿದರು. ಫಂಕ್ಷನ್ ಪೆಟ್ಟಿಗೆ ತೆರೆಯಿತು, ಒಳಗೆ ತಾನೇ ಇತ್ತು, ತನ್ನನ್ನು ಓಡಿಸಿತು, ಮತ್ತೆ ಪೆಟ್ಟಿಗೆ ತೆರೆಯಿತು. ಯಮುನಾ ಸೊಪ್ಪು ತರಲು ಹೋಗಿ ಬಂದಾಗಲೂ ಅದು ಓಡುತ್ತಲೇ ಇತ್ತು.

ಮೊದಲು ಅವರಿಗೆ ಸಮಾಧಾನವೇ ಆಯಿತು. ತಲೆ ಕೆಟ್ಟಿರಲಿಲ್ಲ, ಸಾಧಿಸಹೊರಟಿದ್ದೇ ಸುಳ್ಳಾಗಿತ್ತು. ಬ್ರೋಷರ್ ನೆನಪಾದದ್ದು ಸ್ವಲ್ಪ ಹೊತ್ತಿನ ಮೇಲೆ. ಆಟೋ ಹಿಡಿದು ಶಂಕರಪುರಂಗೆ ಹೋದರು.

ಕಶ್ಯಪ್ ಪ್ರೋಗ್ರಾಮನ್ನು ಓದಿ, ಓಡಿಸಿ, ಕುರ್ಚಿಗೆ ಒರಗಿದ.

"ಮೇಡಂ, ಇಂಥದ್ದನ್ನ ಯಾರು ಬರೀತಾರೆ? ಇದು ಬೇಕು ಅಂತಲೇ ಕೆಡಿಸೋಕೆ ಬರೆದಿರೋದು."

"ಯಾರೂ ಬರೆಯಲ್ಲ ಅಂತ ನಾವು ಹೇಳಿಲ್ಲ ಕಶ್ಯಪ್. ಬರೆಯೋಕೇ ಆಗಲ್ಲ ಅಂತ ಹೇಳಿದೀವಿ."

ಸೋಮವಾರ ಕಳೆಯಲಿ, ಆಮೇಲೆ ಸರಿಪಡಿಸೋಣ ಎಂದು ಅವನು ಕೇಳಿಕೊಂಡ. ಹಾಗಾದರೆ ತಮ್ಮ ಹೆಸರು ತೆಗೆದುಬಿಡು ಎಂದರು ಯಮುನಾ. ಅವನು ತೆಗೆಯುತ್ತೇನೆಂದ. ಇಬ್ಬರೂ ದನಿ ಏರಿಸಲಿಲ್ಲ. ಕಾಲೇಜಿನ ದಿನಗಳಿಂದಲೂ ಅವರನ್ನು ಗೇಟಿನವರೆಗೆ ಬಂದು ಬೀಳ್ಕೊಡುತ್ತಿದ್ದವನು ಅಂದು ಕುರ್ಚಿಯಿಂದ ಏಳಲಿಲ್ಲ.

ಶನಿವಾರ ಕಶ್ಯಪ್ ಪಂಪಿನ ಪ್ರೋಗ್ರಾಮನ್ನು ಮೊದಲಿಂದ ಓದಲು ಕೂತ. ನಿಜವಾದ ಕೆಲಸದಲ್ಲಿ ಇಂಥ ಸುತ್ತು ಎಲ್ಲೂ ಬರುವುದಿಲ್ಲವೆಂದು ಮೇಡಂಗೆ ತೋರಿಸುವುದೇ ಅವನ ಉದ್ದೇಶವಾಗಿತ್ತು. ಅಲಾರಂ ಭಾಗಕ್ಕೆ ಬಂದಾಗ ನಿಂತ. ಔಷಧಿಯ ಹರಿವನ್ನು ಅಳೆಯುವ ಸೆನ್ಸರ್ ಉತ್ತರಿಸದಿದ್ದರೆ ಮತ್ತೆ ಕೇಳಬೇಕೆಂದು ಅವನು ಒಂದು ಫಂಕ್ಷನ್ ಬರೆದು ಪೆಟ್ಟಿಗೆಯಲ್ಲಿ ಇಟ್ಟಿದ್ದ. ಅದು ಸೆನ್ಸರನ್ನು ಕೇಳುತ್ತಿತ್ತು. ಉತ್ತರ ಬಾರದಿದ್ದರೆ ಪೆಟ್ಟಿಗೆಯಲ್ಲಿದ್ದುದನ್ನು ಓಡಿಸುತ್ತಿತ್ತು. ಪೆಟ್ಟಿಗೆಯಲ್ಲಿ ಇದ್ದದ್ದು ಅದೇ ಫಂಕ್ಷನ್. ಪರೀಕ್ಷೆಗಳಲ್ಲಿ ಸೆನ್ಸರ್ ಸದಾ ಉತ್ತರಿಸಿತ್ತಾದ್ದರಿಂದ ಇದು ಕಣ್ಣಿಗೆ ಬಿದ್ದಿರಲಿಲ್ಲ. ಅವನು ಮೇಜಿನ ಮೇಲಿದ್ದ ಮಾದರಿ ಪಂಪಿನ ಸೆನ್ಸರ್ ವೈರನ್ನು ಕಿತ್ತ. ಪ್ರೋಗ್ರಾಂ ಕೇಳುವ ಸುತ್ತಿನಲ್ಲೇ ಸಿಕ್ಕಿಕೊಂಡು ಅಲಾರಂ ಕೂಗಲಿಲ್ಲ. ಔಷಧಿಯ ಬದಲು ತುಂಬಿಸಿದ್ದ ನೀರು ಹನಿಯುತ್ತಲೇ ಇತ್ತು.

ಸೋಮವಾರದವರೆಗೆ ಕಾಯದೆ ಅವನು ಮಧುಸೂದನ್ ಅವರನ್ನು ಕರೆಸಿಕೊಂಡ. ಯಮುನಾ ಅವರಿಗೂ ಫೋನ್ ಮಾಡಿದ. ಅವರಿಬ್ಬರ ಮುಂದೆ ಮತ್ತೊಮ್ಮೆ ವೈರ್ ಕಿತ್ತು ತೋರಿಸಿ, ಇದು ತಾನೇ ಬರೆದದ್ದು, ಮೇಡಂ ಶುಕ್ರವಾರವೇ ಎಚ್ಚರಿಸಿದ್ದರು ಎಂದ.

"ಹೇಳಿದ್ದು ಒಳ್ಳೇದಾಯ್ತು," ಎಂದರು ಮಧುಸೂದನ್. "ಆದ್ರೆ ಇದನ್ನ ತಗೊಂಡು ನಾನು ಆಸ್ಪತ್ರೆಗೆ ಹೋಗೋಕಾಗಲ್ಲ."

ಅವರು ಕೆಲಸವನ್ನು ಬೇರೆ ಕಂಪನಿಗೆ ಕೊಟ್ಟರು. ಆ ಕಂಪನಿ ಪ್ರೋಗ್ರಾಂ ನಿಲ್ಲುತ್ತದೆಂದಾಗಲಿ ನಿಲ್ಲುವುದಿಲ್ಲವೆಂದಾಗಲಿ ಏನನ್ನೂ ಹೇಳಿರಲಿಲ್ಲ. ಕಶ್ಯಪ್ ಮಹಡಿಯನ್ನು ಬಿಟ್ಟು ಚಾಮರಾಜಪೇಟೆಯ ತನ್ನ ಮನೆಯ ಮುಂಗೋಣೆಗೆ ಬಂದ. ಇನ್ನು ಮೇಲೆ ಪೆಟ್ಟಿಗೆಯಲ್ಲಿ ಸಂಖ್ಯೆ ಮಾತ್ರ, ಫಂಕ್ಷನ್ ಇಡುವಂತಿಲ್ಲ ಎಂದು ಅವನೂ ಯಮುನಾ ಅವರೂ ಭಾಷೆಯನ್ನು ತಿದ್ದಿದರು. ಯಮುನಾ ಸಾಧನೆಯನ್ನು ಹೊಸದಾಗಿ ಬರೆದರು. ಈ ಸಲ ಸಿಕ್ಕಿಕೊಳ್ಳಲಿಲ್ಲ. ಸೋತ ಪ್ರಯತ್ನವನ್ನೂ ಸೇರಿಸಿ ಒಂದು ಲೇಖನ ಪ್ರಕಟಿಸಿದರು. ಅದನ್ನು ಓದಿದವರು ಕಡಿಮೆ.

ಮರುವರ್ಷ ಮಧುಸೂದನ್ ಮತ್ತೆ ಬಂದರು, ಅಲಾರಂ ಭಾಗವನ್ನಷ್ಟೇ ಈ ಭಾಷೆಯಲ್ಲಿ ಬರೆಸಲು. ಮುಂಗೋಣೆಯಲ್ಲಿ ಯಮುನಾ ಅವರ ಎದುರು ಕೂತು, ಈಗ ಅದು ನಿಲ್ಲುವುದು ಖಂಡಿತವೇ ಎಂದು ಕೇಳಿದರು. ಖಂಡಿತ ಎಂದರು ಯಮುನಾ.

"ಎಷ್ಟು ಹೊತ್ತಲ್ಲಿ ನಿಲ್ಲುತ್ತೆ ಮೇಡಂ? ಪೇಷಂಟ್ ಕಾಯಲ್ಲ."

ನಿಲ್ಲುತ್ತದೆ ಎಂದಷ್ಟೇ ಯಮುನಾ ಸಾಧಿಸಿದ್ದರು. ಒಂದು ಕ್ಷಣದಲ್ಲೋ ಒಂದು ವರ್ಷದಲ್ಲೋ ಎಂದು ಯಾವ ಟೈಪೂ ಹೇಳುತ್ತಿರಲಿಲ್ಲ.

"ಅದು ಇನ್ನೂ ಗೊತ್ತಿಲ್ಲ," ಎಂದರು. "ಗೊತ್ತಾಗೋವರೆಗೂ ಕೆಲಸ ಒಪ್ಕೊಳ್ಳೋದು ಬೇಡ ಕಶ್ಯಪ್."

ಕಶ್ಯಪ್ ಒಮ್ಮೆ ಮಧುಸೂದನ್ ಅವರತ್ತ ನೋಡಿದ. ಆಮೇಲೆ ಆಗಲಿ ಎಂದು ತಲೆಯಾಡಿಸಿದ. ಮಧುಸೂದನ್ ಕಾಯಲು ಒಪ್ಪಿದರು. ಅವರು ಹೋದ ಮೇಲೆ ಇಬ್ಬರೂ ಅಲ್ಲೇ ಕೂತು, ಟೈಪಿನೊಳಗೆ ಕಾಲವನ್ನು ಹೇಗೆ ಸೇರಿಸಬಹುದೆಂದು ಊಟದ ಹೊತ್ತಿನವರೆಗೆ ಮಾತಾಡಿದರು.