ಮೂರನೇ ಕರೆ

ಜಡಿಮಳೆಯ ಆಟಿ ತಿಂಗಳಲ್ಲಿ ರಾಕೆಟ್ ಹಾರಿಸುತ್ತೇವೆಂದು ಹೊರಟವರಿಗೆ ಬುದ್ಧಿ ಹೇಳುವವರು ಯಾರು? ಮೂಡುಬಿದಿರೆಯಿಂದ ಬೆಳ್ತಂಗಡಿಗೆ ಹೋಗುವ ದಾರಿಯಲ್ಲಿ ಒಳಗೆ ತಿರುಗಿ ಹತ್ತಿದರೆ ಸಿಗುವ ಆ ಕೆಂಪು ಮುರಕಲ್ಲಿನ ಬೋಳು ಬಯಲಿನಲ್ಲಿ, ಆ ಪದವಿನಲ್ಲಿ, ಆಟಿಯಲ್ಲಿ ದನ ಕೂಡ ಮೇಯುವುದಿಲ್ಲ. ಮಳೆ ನಿಂತರೆ ಮಂಜು, ಮಂಜು ಹರಿದರೆ ಸಿಡಿಲು. ಆದರೆ ಕಂಪೆನಿಯ ಕ್ಯಾಲೆಂಡರಿನಲ್ಲಿ ಆಟಿ ಎಂಬ ತಿಂಗಳೇ ಇಲ್ಲ. ದುಡ್ಡು ಹಾಕಿದ ದೊಡ್ಡವರು ವಿಮಾನದಲ್ಲಿ ಬಂದು ಮಂಗಳೂರಿನ ಹೋಟೆಲಿನಲ್ಲಿ ಮೀನು ತಿನ್ನುತ್ತ ಕೂತಿದ್ದರು. ಅವರು ವಾಪಸು ಹೋಗುವುದರೊಳಗೆ ಆ ಪುಟ್ಟ ನೌಕೆ ಆಕಾಶದ ಅಂಚು ಮುಟ್ಟಿ ಬರಬೇಕಿತ್ತು.

ನೆಲದ ಕೆಲಸಕ್ಕೆ ಮಾತ್ರ ಊರಿನವರು ಬೇಕು. ರಂಜಿತ್ ಮತ್ತು ಫಯಾಝ್ ಇಬ್ಬರೂ ಮೊದಲು ರಬ್ಬರ್ ತೋಟದಲ್ಲಿ ಟ್ಯಾಪಿಂಗ್ ಮಾಡುತ್ತಿದ್ದವರು. ಮಳೆಗಾಲದಲ್ಲಿ ರಬ್ಬರ್ ಮರದ ಸೊಂಟಕ್ಕೆ ಪ್ಲಾಸ್ಟಿಕ್ಕಿನ ಲಂಗ ಕಟ್ಟುತ್ತಾರಲ್ಲ, ನೀರು ಇಳಿಯಬಾರದೆಂದು? ಅದೇ ಲಂಗವನ್ನು ಈಗ ರಾಕೆಟ್ಟಿನ ಗಂಟುಗಂಟಿಗೂ ಕಟ್ಟುವುದು, ಹಾರಿಸುವ ದಿನ ಬಿಚ್ಚುವುದು, ಮೋಡ ಕವಿದರೆ ಮತ್ತೆ ಕಟ್ಟುವುದು. ಕಟ್ಟಿ ಬಿಚ್ಚಿ, ಕಟ್ಟಿ ಬಿಚ್ಚಿ ಇಬ್ಬರ ಬೆರಳ ಸಂದಿಯೂ ಕೊಳೆತುಹೋಗಿತ್ತು.

“ಮದುಮಗಳಿಗೂ ಇಷ್ಟು ಸಲ ಸೀರೆ ಉಡಿಸುವುದಿಲ್ಲ ಮಾರಾಯ,” ಎಂದಿದ್ದ ಫಯಾಝ್ ಆ ಬೆಳಿಗ್ಗೆ. “ಇವತ್ತಾದರೂ ಇವಳನ್ನು ಕಳಿಸಿಕೊಡುವ.”

“ನೀನು ಬಾಯಿ ಮುಚ್ಚಿ ಬಿಚ್ಚು. ಲಂಗದ ಅಡಿಯ ಬೆಲ್ಟ್ ಒಂದು ಉಳಿದದ್ದು. ಬಿಚ್ಚಿ ಕೋರೆಯ ಕಡೆ ಇಳಿ, ನಾನು ಕೀ ತೆಗೆದುಕೊಂಡು ಕಂಟ್ರೋಲ್ ರೂಮಿಗೆ ಹೋಗ್ತೇನೆ.”

ರಾಕೆಟ್ಟಿನ ಬುಡದಿಂದ ಕೀ ಕಿತ್ತು ತರುವುದು ರಂಜಿತನ ಪಾಲಿನ ಕೆಲಸ. ಆ ಕೀಯನ್ನು ಕಂಟ್ರೋಲ್ ರೂಮಿನ ಪೆಟ್ಟಿಗೆಗೆ ಹಾಕಿ ತಿರುಗಿಸದೆ ಬೆಂಕಿ ಹತ್ತುವುದಿಲ್ಲ. ಅದಕ್ಕೂ ಮೊದಲು ಎಲ್ಲರೂ ತಂತಮ್ಮ ಜಾಗ ಸೇರಿರಬೇಕು: ಅಶೋಕ್ ಗೇಟಿನಲ್ಲಿ, ಲೋಲಾಕ್ಷಕ್ಕ ಪಂಪಿನ ಶೆಡ್ಡಿನಲ್ಲಿ, ಫಯಾಝ್ ಹಳೆಯ ಕಲ್ಲುಕೋರೆಯ ಗೋಡೆಯ ಹಿಂದೆ. ಸುರಕ್ಷಾ ಎಂಬ ಬೆಳ್ತಂಗಡಿಯ ಹುಡುಗಿ ವಾಕಿಟಾಕಿಯಲ್ಲಿ ಒಬ್ಬೊಬ್ಬರ ಹೆಸರು ಕರೆಯುತ್ತಾಳೆ. ಅವರು ತುಳುವಿನಲ್ಲಿ “ಉಳ್ಳೆ” ಎನ್ನಬೇಕು. ಇದ್ದೇನೆ, ನನ್ನ ಜಾಗದಲ್ಲಿದ್ದೇನೆ ಅಂತ.

ಅವಳು ಪ್ರತಿ ಹೆಸರನ್ನೂ ಮೂರು ಸಲ ಕರೆಯುತ್ತಿದ್ದಳು. ಕಂಪೆನಿ ಹೇಳಿಕೊಟ್ಟದ್ದಲ್ಲ, ಊರಿನ ನಂಬಿಕೆ. ಮಂಜಿನೊಳಗಿಂದ ಹೆಸರು ಹಿಡಿದು ಕರೆದರೆ ಮೊದಲ ಕರೆಗೆ ಓಗೊಡಬಾರದು, ಎರಡನೆಯದಕ್ಕೂ ಕೂಡದು. ಮನುಷ್ಯರಾದರೆ ಮೂರನೇ ಸಲ ಕರೆಯುತ್ತಾರೆ, ಸತ್ತವರ ಪ್ರೇತಗಳಿಗೆ, ಕುಲೆಗಳಿಗೆ, ಮೂರನೆಯದು ಬಾಯಿಗೆ ಬರುವುದಿಲ್ಲ. ರಂಜಿತನಿಗೆ ಇದನ್ನು ಹೇಳಿದ್ದು ಅವನಮ್ಮ. ಫಯಾಝನಿಗೆ ಹೇಳಿದ್ದು ಅವನ ಅಜ್ಜಿ ಜೈನಬಮ್ಮ. ಹುಡುಗನಾಗಿದ್ದಾಗ ಒಮ್ಮೆ ಮೊದಲ ಕರೆಗೇ “ಓ” ಎಂದದ್ದಕ್ಕೆ ಸೌಟಿನಿಂದ ಬಾಯಿಗೆ ಬಾರಿಸಿದ್ದರಂತೆ.

ಆ ದಿನ ಮೋಡದಲ್ಲೊಂದು ಬಿರುಕು ಬಿಟ್ಟಿತ್ತು. ಬೇಗ ಮುಚ್ಚಿಕೊಳ್ಳುವಂಥದ್ದು. ನೆಲದ ಮೇಲೆ ಮಾತ್ರ ಮಂಜು ಹಾಲಿನ ಕೆನೆಯಂತೆ ಕೂತಿತ್ತು. ಕ್ಯಾಮೆರಾದ ಪರದೆಯಲ್ಲಿ ಬರೀ ಬಿಳಿ.

“ಒಂದೊಂದೇ ಸಲ ಕರೀರಿ,” ಎಂದರು ಡೈರೆಕ್ಟರು. ಬೆಂಗಳೂರಿನವರು, ವಾರದಿಂದ ನಿದ್ದೆಯಿಲ್ಲದೆ ಕಣ್ಣು ಕೆಂಡವಾಗಿತ್ತು. “ಮೂರು ಮೂರು ಸಲ ಕೂಗೋಕೆ ಇದೇನು ಕೋರ್ಟಾ?”

“ಸಾರ್, ಇಲ್ಲಿಯವರಿಗೆ ಒಂದು ಕ್ರಮ ಉಂಟು...” ಎಂದಳು ಸುರಕ್ಷಾ.

“ನನಗೂ ಒಂದು ಕ್ರಮ ಇದೆ. ಕರೀರಿ.”

ಅವಳು ಕರೆದಳು. “ಅಶೋಕ್.” ಗೇಟಿನ ಕಡೆಯಿಂದ ಏನೂ ಇಲ್ಲ. ಡೈರೆಕ್ಟರು ವಾಕಿಟಾಕಿ ಕಿತ್ತುಕೊಂಡು, “ಅಶೋಕ್, ಕಿವಿ ಕೇಳಲ್ವೇನ್ರೀ? ಅಶೋಕ್!” ಎಂದು ಅರಚಿದಾಗ ಅವನು “ಉಳ್ಳೆ” ಎಂದ. ಲೋಲಾಕ್ಷಕ್ಕನದೂ ಅದೇ ಕಥೆ.

ವಾಕಿಟಾಕಿ ವಾಪಸು ಪಡೆದು “ಫಯಾಝ್,” ಎಂದಳು ಸುರಕ್ಷಾ.

“ಉಳ್ಳೆ.”

ಥಟ್ಟನೆ ಬಂತು. ಕರೆ ಮುಗಿಯುವುದನ್ನೇ ಕಾಯುತ್ತ ಕೂತಿದ್ದಂತೆ.

“ನೋಡಿ, ಒಬ್ಬನಿಗಾದ್ರೂ ಶಿಸ್ತಿದೆ,” ಎಂದರು ಡೈರೆಕ್ಟರು. “ಕೀ ಹಾಕಪ್ಪಾ.”

ಪೆಟ್ಟಿಗೆಯ ಮುಂದೆ ನಿಂತಿದ್ದ ರಂಜಿತ್ ಕೀ ಹಿಡಿದ ಕೈಯನ್ನು ಎತ್ತಲಿಲ್ಲ. ದನಿ ಫಯಾಝನದೇ, ಮುಂದಿನ ಹಲ್ಲಿನ ಸಂದಿಯಿಂದ ಗಾಳಿ ನುಸುಳುವುದೂ ಅವನದೇ. ಆದರೆ ಫಯಾಝ್ ಮೊದಲ ಕರೆಗೆ ಓಗೊಡುವವನಲ್ಲ.

“ಸಾರ್, ಅದು ಅವನಲ್ಲ.”

“ಏನು?”

“ಅವನಲ್ಲ ಅಂತ ಹೇಳಿದ್ದು. ಅವನು ಇನ್ನೂ ರಾಕೆಟ್ಟಿನ ಹತ್ತಿರವೇ ಇದ್ದಾನೆ.”

“ತಲೆ ಕೆಟ್ಟಿದೆಯಾ? ನನ್ನ ಕಿವಿಯಾರೆ ಕೇಳಿದೆ. ಮೋಡ ಮುಚ್ತಾ ಇದೆ. ಕೀ ಹಾಕು, ಇಲ್ಲಾಂದ್ರೆ ಇಲ್ಲಿ ಕೊಡು!”

ಕೈ ಚಾಚಿ ಬಂದವರನ್ನು ರಂಜಿತ್ ಎದೆಗೆ ಕೈಯಿಟ್ಟು ತಳ್ಳಿದ. ಹೊಟ್ಟೆಯೊಳಗಿದ್ದ ಇಷ್ಟು ದಿನದ ಸಿಟ್ಟೆಲ್ಲ ಆ ಅಂಗೈಯಲ್ಲಿತ್ತು. ಡೈರೆಕ್ಟರು ಕುರ್ಚಿಯ ಸಮೇತ ಗೋಡೆಗೆ ಹೋಗಿ ಬಿದ್ದರು. ಅವನು ಸುರಕ್ಷಾಳ ಕೈಯಿಂದ ವಾಕಿಟಾಕಿ ಸೆಳೆದುಕೊಂಡ.

“ಫಯಾಝ್.”

“ಉಳ್ಳೆ,” ಎಂದಿತು ಅದು ಕೂಡಲೇ.

“ಫಯಾಝ್.”

“ಉಳ್ಳೆ.”

ಅವನು ವಾಕಿಟಾಕಿಯನ್ನು ತುಟಿಗೆ ಒತ್ತಿ ಹಿಡಿದ. “ಫಯಾಝ್.”

ಈ ಸಲ ಅದು ಮಾತಾಡಲಿಲ್ಲ. ಬರೀ ಗೊರಗೊರ. ಆಮೇಲೆ ಏದುಸಿರು, ಲೋಹಕ್ಕೆ ಲೋಹ ತಾಗುವ ಸದ್ದು. “ಎಂತ ಮಾರಾಯ? ನಾನು ಇಲ್ಲೇ ಇದ್ದೇನೆ, ರಾಕೆಟ್ಟಿನ ಅಡಿಯಲ್ಲಿ. ಬೆಲ್ಟಿನ ಕೊಕ್ಕೆಗೆ ಕಾಲು ಸಿಕ್ಕಿದೆ. ಆಗಲೇ ಒಮ್ಮೆ ಕರೆದಳಲ್ಲ, ಇನ್ನೆರಡು ಸಲ ಕರೆಯಲಿ, ಹೇಳುವ ಅಂತ ಕೂತಿದ್ದೆ. ಮತ್ತೆ ಕರೆಯಲೇ ಇಲ್ಲ!”

ಸುರಕ್ಷಾ ಬಾಯಿಗೆ ಕೈಯಿಟ್ಟುಕೊಂಡಳು.

ರಂಜಿತ್ ಓಡಿದ. ಮಂಜಿನಲ್ಲಿ ಎರಡು ಸಲ ಬಿದ್ದ, ಮಂಡಿ ಒಡೆಯಿತು. ಲಾಂಚರಿನ ಅಡಿಗೆ ತೂರಿ ಬೆಲ್ಟ್ ಕತ್ತರಿಸಿ, ಫಯಾಝನ ಅಂಗಿಯ ಕಾಲರ್ ಹಿಡಿದು ಎಳೆದು ತಂದ. “ನಿಧಾನ, ನಾನೇನು ಗೋಣಿಚೀಲವಾ?” ಎಂದು ಫಯಾಝ್ ಬೈಯುತ್ತಲೇ ಕುಂಟಿಕೊಂಡು ಬಂದ. ಅಶೋಕನೂ ಲೋಲಾಕ್ಷಕ್ಕನೂ ಕಂಟ್ರೋಲ್ ರೂಮಿಗೆ ಬಂದರು. ಪದವಿನಲ್ಲಿ ಈಗ ಯಾರೂ ಇರಲಿಲ್ಲ.

ಡೈರೆಕ್ಟರು ಒಡೆದ ಕನ್ನಡಕ ಸರಿ ಮಾಡಿಕೊಂಡರು. “ಆಯ್ತು. ತಪ್ಪಾಯ್ತು. ಈಗ ಎಲ್ಲರೂ ನನ್ನ ಕಣ್ಣೆದುರು ಇದ್ದೀರಿ. ಇನ್ನೂ ಸಮಯ ಇದೆ. ಕೀ ಹಾಕು.”

ನಿಯಮದಂತೆ ಅದು ಸರಿಯೇ. ರಂಜಿತ್ ಪೆಟ್ಟಿಗೆಯ ಹತ್ತಿರ ಹೋದ. ಆಗ ಫಯಾಝ್, “ನಿಲ್ಲು,” ಎಂದ. ಅವನಿಗೆ ಅಷ್ಟರಲ್ಲಿ ಸುರಕ್ಷಾ ನಡೆದದ್ದನ್ನೆಲ್ಲ ಹೇಳಿದ್ದಳು. ಅವನು ವಾಕಿಟಾಕಿ ಎತ್ತಿ, ತನ್ನ ಹೆಸರನ್ನು ತಾನೇ, ಒಂದೇ ಸಲ ಕರೆದ.

“ಉಳ್ಳೆ,” ಎಂದಿತು ಅವನ ದನಿ.

ಲೋಲಾಕ್ಷಕ್ಕ ಬಾಗಿಲಿನ ಕಡೆ ಸರಿದಳು.

“ಎಲ್ಲಿದ್ದೀ?” ಎಂದು ಕೇಳಿದ ಫಯಾಝ್.

“ಇಲ್ಲೇ. ರಾಕೆಟ್ಟಿನ ಅಡಿಯಲ್ಲಿ.” ಸ್ವಲ್ಪ ತಡೆದು, ಬೇಸರವಿಲ್ಲದೆ, ಅವಸರವಿಲ್ಲದೆ ಅದು ಹೇಳಿತು: “ಕಾಲು ಸಿಕ್ಕಿದೆ. ಬೆಂಕಿ ಯಾವಾಗ?”

ರಂಜಿತ್ ಡೈರೆಕ್ಟರ ಕಣ್ಣನ್ನೇ ನೋಡಿದ. ಆ ಕಣ್ಣು ಪರದೆಯ ಮೂಲೆಯ ಗಡಿಯಾರದ ಕಡೆಗೆ ಹೊರಳಿದ್ದನ್ನು ಕಂಡ. ಆಗಲೂ! ಅದನ್ನು ಕೇಳಿದ ಮೇಲೂ ಆ ಮನುಷ್ಯ ಹೊತ್ತು ನೋಡುತ್ತಿದ್ದ.

“ಇದೊಂದು ಇಂಟರ್‌ಫಿಯರೆನ್ಸ್ ಅಷ್ಟೆ,” ಎಂದರು ಡೈರೆಕ್ಟರು ಮೆತ್ತಗೆ. “ಅಲ್ಲಿ ಮನುಷ್ಯರು ಯಾರೂ ಇಲ್ಲ.”

“ಫಯಾಝ್ ಅಲ್ಲಿದ್ದಾಗಲೂ ನೀವು ಕೀ ಹಾಕು ಅಂತಲೇ ಹೇಳಿದ್ದು,” ಎಂದ ರಂಜಿತ್.

ಅವನು ಬಾಗಿಲಿಗೆ ಬಂದು ಕೀಯನ್ನು ಕೋರೆಯ ಕಡೆ ಬೀಸಿ ಎಸೆದ. ಕೋರೆಯಲ್ಲಿ ತುಂಬಿದ ಮಳೆನೀರಿಗೆ ಬಿದ್ದ ಸದ್ದು ಕೇಳಿಸಿತು. ಆಮೇಲೆ ಫಯಾಝನ ತೋಳು ಹಿಡಿದುಕೊಂಡು ಗೇಟಿನ ಕಡೆ ನಡೆದ. ಹಿಂದಿನಿಂದ ಡೈರೆಕ್ಟರು ಹೋಟೆಲಿನವರಿಗೆ ಫೋನಿನಲ್ಲಿ ಹೇಳುತ್ತಿದ್ದರು, ಹವಾಮಾನ ಸರಿಯಿಲ್ಲ, ಮುಂದೂಡಿದ್ದೇವೆ ಅಂತ.

ಆಗ ಪದವಿನ ಮೇಲೆಲ್ಲ ಚಂದದ ಬಿಸಿಲು ಬಿದ್ದಿತ್ತು. ಮಂಜು ಹರಿದು ರಾಕೆಟ್ ಬುಡದವರೆಗೂ ಸ್ಪಷ್ಟ ಕಾಣುತ್ತಿತ್ತು. ಅತ್ತ ತಿರುಗಲು ಹೊರಟ ಫಯಾಝನ ಕುತ್ತಿಗೆಯನ್ನು ರಂಜಿತ್ ಅಂಗೈಯಿಂದ ಗಟ್ಟಿಯಾಗಿ ಹಿಡಿದ.

“ನೋಡಬೇಡ ಮಾರಾಯ. ನಡಿ.”